ತಟ್ಟೆ ಕಾಣದೆ ಸೂಜಿ ಬೇಡ

ಆಸ್ಪತ್ರೆಯ ಮೆಡಿಸಿನ್ ವಾರ್ಡಿನಲ್ಲಿ ಬೆಳಗಿನ 7ರಿಂದ 9ರವರೆಗಿನಷ್ಟು ಗಡಿಬಿಡಿಯ ಹೊತ್ತು ಇನ್ನೊಂದಿಲ್ಲ. ರಾತ್ರಿ ಪಾಳಿಯವರು ಲೆಕ್ಕ ಒಪ್ಪಿಸಿ ಹೊರಡಬೇಕು, ಬೆಳಗಿನ ಪಾಳಿಯವರು ಬಂದು ವಹಿಸಿಕೊಳ್ಳಬೇಕು, ರಕ್ತದ ಮಾದರಿಗಳು ಲ್ಯಾಬಿಗೆ ಹೋಗಬೇಕು, ಸ್ಕ್ಯಾನಿಂಗಿಗೆ ಕರೆ ಬಂದವರನ್ನು ವೀಲ್‌ಚೇರಿನಲ್ಲಿ ಕೂರಿಸಿ ಕಳುಹಿಸಬೇಕು, ಡಾಕ್ಟರರ ರೌಂಡ್ಸಿಗೆ ಕೇಸ್ ಶೀಟುಗಳು ಸಿದ್ಧವಾಗಿರಬೇಕು. ಇದೆಲ್ಲದರ ನಡುವೆ ಶುಗರ್ ಇರುವ ಪ್ರತಿಯೊಬ್ಬರ ಬೆರಳು ಚುಚ್ಚಿ ಅಂಕಿ ಬರೆದುಕೊಂಡು, ಅದಕ್ಕೆ ತಕ್ಕ ಇನ್ಸುಲಿನ್ ಕೊಟ್ಟು, ಅವರು ಹೊತ್ತಿಗೆ ಸರಿಯಾಗಿ ತಿಂಡಿ ತಿನ್ನುವಂತೆ ನೋಡಿಕೊಳ್ಳಬೇಕು. ಬೆಂಗಳೂರಿನ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳಲ್ಲಿ ಹದಿನೆಂಟು ವರ್ಷಗಳಿಂದ ಶುಶ್ರೂಷಕಿಯಾಗಿರುವ ನಾನು ಇನ್ಸುಲಿನ್ ವಿಚಾರದಲ್ಲಿ ಕಂಡ ತಪ್ಪುಗಳಲ್ಲಿ ಹೆಚ್ಚಿನವು ಈ ಎರಡು ಗಂಟೆಗಳಲ್ಲಿ ಆದಂಥವು. ಅವುಗಳಲ್ಲಿ ಒಂದು ನನ್ನ ಕೈಯಿಂದಲೇ ಆದದ್ದು.

ಆಗ ನಾನು ಕೆಲಸಕ್ಕೆ ಸೇರಿ ಎರಡನೆಯ ವರ್ಷ. ಮಾರ್ಕೆಟ್ಟಿನಲ್ಲಿ ಹೂವಿನ ವ್ಯಾಪಾರ ಮಾಡುತ್ತಿದ್ದ ಒಬ್ಬರು ಕಾಲಿನ ಗಾಯ ವಾಸಿಯಾಗದೆ ನಮ್ಮ ವಾರ್ಡಿಗೆ ಸೇರಿದ್ದರು. ಅವರಿಗೆ ಬೆಳಿಗ್ಗೆ 22, ರಾತ್ರಿ 14 ಯೂನಿಟ್ ಮಿಶ್ರ ಇನ್ಸುಲಿನ್ (ಬೇಗ ಕೆಲಸ ಮಾಡುವುದೂ ನಿಧಾನಕ್ಕೆ ಕೆಲಸ ಮಾಡುವುದೂ ಬೆರೆತದ್ದು) ಬರೆದಿದ್ದರು. ಊಟಕ್ಕೆ ಅರ್ಧ ಗಂಟೆ ಮೊದಲು ಕೊಡಬೇಕಾದದ್ದು. ಬೆಳಿಗ್ಗೆ ಶುಗರ್ 142 ಇತ್ತು. 7.15ಕ್ಕೆ ನಾನು 22 ಯೂನಿಟ್ ಕೊಟ್ಟು, ಸಹಿ ಹಾಕಿ, ಮುಂದಿನ ಮಂಚಕ್ಕೆ ಹೋದೆ. ಅವರಿಗೆ ಅಂದು ಹೊಟ್ಟೆಯ ಸ್ಕ್ಯಾನಿಂಗ್ ಇದೆ, ಖಾಲಿ ಹೊಟ್ಟೆಯಲ್ಲೇ ಕಳುಹಿಸಬೇಕು ಎಂಬುದು ಹಿಂದಿನ ಸಂಜೆ ಕೇಸ್ ಶೀಟಿನ ಮುಂದಿನ ಪುಟದಲ್ಲಿ ಬರೆದಿತ್ತು. ಆ ಪುಟವನ್ನು ನಾನು ತಿರುವಿರಲಿಲ್ಲ. ಅಟೆಂಡರ್ ಬಂದು ಕರೆದುಕೊಂಡು ಹೋದದ್ದೂ ನನಗೆ ತಿಳಿಯಲಿಲ್ಲ. ಸ್ಕ್ಯಾನಿಂಗ್ ಕೋಣೆಯ ಹೊರಗಿನ ಸಾಲಿನಲ್ಲಿ ಅವರು ಒಂಬತ್ತೂಕಾಲರವರೆಗೆ ಕೂತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ಇಡ್ಲಿಯ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದರು. ಸ್ಕ್ಯಾನ್ ಮುಗಿಯುವವರೆಗೆ ಏನೂ ಕೊಡಬಾರದು ಎಂದು ಅವರಿಗೆ ಹೇಳಿದ್ದರು, ಅದರಂತೆ ಅವರು ನಡೆದುಕೊಂಡಿದ್ದರು. ಗಂಡನ ಅಂಗಿ ಬೆವರಿನಿಂದ ಒದ್ದೆಯಾದಾಗ ಜನಸಂದಣಿಯ ಸೆಕೆಯೆಂದು ಗಾಳಿ ಬೀಸಿದರಂತೆ. ಆಮೇಲೆ ಅವರು ಮಲ್ಲಿಗೆ ಮೊಳಕ್ಕೆ ಎಷ್ಟು, ಕನಕಾಂಬರ ಎಷ್ಟು ಎಂದು ಇಲ್ಲದ ಗಿರಾಕಿಯೊಂದಿಗೆ ಮಾತಾಡತೊಡಗಿದಾಗ ಆಕೆ ಹೆದರಿ ಓಡಿ ಬಂದರು.

ಮೀಟರಿನಲ್ಲಿ 41 ಬಂತು. ಕಣ್ಣು ತೇಲುತ್ತಿತ್ತು, ನುಂಗುವ ಸ್ಥಿತಿಯಲ್ಲಿರಲಿಲ್ಲ. ಡ್ಯೂಟಿ ಡಾಕ್ಟರ್ ಹೇಳಿದಂತೆ ಶೇಕಡಾ 25ರ ಗ್ಲೂಕೋಸ್ ದ್ರಾವಣವಾದ ಡೆಕ್ಸ್‌ಟ್ರೋಸನ್ನು ರಕ್ತನಾಳಕ್ಕೆ ಹರಿಸಿದೆವು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಅವರು ಸುತ್ತ ನೋಡಿ, ನನ್ನ ಮುಖ ಗುರುತು ಹಿಡಿದು, "ಈಗ್ಲಾದ್ರೂ ತಿಂಡಿ ತಿನ್ಲಾ ಸಿಸ್ಟರ್?" ಎಂದು ಕೇಳಿದರು. ಅವರು ಯಾರ ಮೇಲೂ ಸಿಟ್ಟಾಗಲಿಲ್ಲ. ನಾನು ಅಂದಿನಿಂದ ಇಂದಿನವರೆಗೆ, ತಿಂಡಿಯ ತಟ್ಟೆ ಬಂದಿದೆ ಅಥವಾ ಬರುವುದು ಖಚಿತ ಎಂದು ಕಣ್ಣಾರೆ ನೋಡಿಕೊಳ್ಳದೆ, ಊಟಕ್ಕೆ ಮುಂಚಿನ ಇನ್ಸುಲಿನ್ನನ್ನು ಯಾರಿಗೂ ಕೊಟ್ಟಿಲ್ಲ.

ಉಳಿದ ಔಷಧಿಗಳಿಗೂ ಇನ್ಸುಲಿನ್ನಿಗೂ ಇರುವ ವ್ಯತ್ಯಾಸವನ್ನು ನಾನು ಹೊಸದಾಗಿ ಬರುವ ಹುಡುಗಿಯರಿಗೆ ಹೀಗೆ ವಿವರಿಸುತ್ತೇನೆ. ಒಂದು ಆಂಟಿಬಯಾಟಿಕ್ ಅರ್ಧ ಗಂಟೆ ತಡವಾದರೆ ಸಾಮಾನ್ಯವಾಗಿ ಪ್ರಾಣಕ್ಕೆ ಕುತ್ತು ಬರುವುದಿಲ್ಲ. ಇನ್ಸುಲಿನ್ ಹಾಗಲ್ಲ, ಚರ್ಮದಡಿಗೆ ಹೋದ ಕ್ಷಣದಿಂದ ಅದರ ಗಡಿಯಾರ ಓಡತೊಡಗುತ್ತದೆ, ಅದನ್ನು ಹಿಂದಕ್ಕೆ ಕರೆಯಲು ಬರುವುದಿಲ್ಲ. ನಾವು ಪ್ಲೇನ್ ಎಂದು ಕರೆಯುವ ತಿಳಿಯಾದ ಇನ್ಸುಲಿನ್ ಸುಮಾರು ಅರ್ಧ ಗಂಟೆಯಲ್ಲಿ ಕೆಲಸ ಆರಂಭಿಸಿ, ಎರಡರಿಂದ ನಾಲ್ಕು ಗಂಟೆಗಳ ನಡುವೆ ಗರಿಷ್ಠ ಮಟ್ಟ ಮುಟ್ಟಿ, ಆರೆಂಟು ಗಂಟೆಗಳಲ್ಲಿ ಇಳಿಯುತ್ತದೆ. ಲಿಸ್ಪ್ರೋ, ಆಸ್ಪಾರ್ಟ್‌ಗಳಂಥ ಶೀಘ್ರ ಬಗೆಯವು ಹದಿನೈದು ನಿಮಿಷಕ್ಕೇ ಶುರುವಾಗುವುದರಿಂದ ತಟ್ಟೆ ಮುಂದಿರುವಾಗಲೇ ಕೊಡಬೇಕು. ಹಾಲಿನಂತೆ ಮಸುಕಾಗಿರುವ ಎನ್‌ಪಿಎಚ್ ನಿಧಾನಕ್ಕೆ ಏರಿ, ಕೊಟ್ಟ ಎಷ್ಟೋ ಗಂಟೆಗಳ ನಂತರ ತನ್ನ ಪೂರ್ಣ ಬಲ ತೋರಿಸುತ್ತದೆ. ಗ್ಲಾರ್ಜಿನ್ ಏರಿಳಿತ ಹೆಚ್ಚಿಲ್ಲದೆ ಸುಮಾರು 24 ಗಂಟೆ ಹರಡಿಕೊಂಡಿರುತ್ತದೆ. ಅದನ್ನು ಬೇರೆ ಯಾವ ಇನ್ಸುಲಿನ್ನಿನೊಂದಿಗೂ ಒಂದೇ ಸಿರಿಂಜಿನಲ್ಲಿ ಬೆರೆಸಬಾರದು. ನನ್ನ ಹೂವಿನ ಯಜಮಾನರಿಗೆ ಸರಿಯಾಗಿ ಎರಡನೆಯ ಗಂಟೆಗೆ ಶುಗರ್ ಕುಸಿದದ್ದು ಆಕಸ್ಮಿಕವಲ್ಲ, ಅವರಿಗೆ ಕೊಟ್ಟ ಮಿಶ್ರಣದಲ್ಲಿದ್ದ ತಿಳಿ ಇನ್ಸುಲಿನ್ನಿನ ಹೊತ್ತು ಅದೇ. ಯಾರಿಗೆ ಯಾವ ಬಗೆಯದು ಕೊಟ್ಟಿದ್ದೇವೆ ಎಂದು ಗೊತ್ತಿದ್ದರೆ, ಅವರು ಯಾವ ಗಂಟೆಗೆ ಬಳಲಬಹುದು ಎಂಬುದನ್ನು ಮುಂಚೆಯೇ ಹೇಳಲು ಸಾಧ್ಯ.

ಇದನ್ನು ಆಸ್ಪತ್ರೆಯ ಹೊರಗೂ ಅನ್ವಯಿಸಬೇಕು. ನಮ್ಮ ಊರಿನಲ್ಲಿ ಮನೆಯಲ್ಲೇ ಇನ್ಸುಲಿನ್ ತೆಗೆದುಕೊಂಡು, ಆಫೀಸಿಗೆ ಹೋಗಿ ಕ್ಯಾಂಟೀನಿನಲ್ಲಿ ತಿಂಡಿ ತಿನ್ನೋಣವೆಂದು ಹೊರಡುವವರು ಬಹಳ ಮಂದಿ. ಸೂಜಿ ಮನೆಯಲ್ಲಿ, ತಟ್ಟೆ ಆಫೀಸಿನಲ್ಲಿ, ನಡುವೆ ಸಿಲ್ಕ್ ಬೋರ್ಡ್ ಜಂಕ್ಷನ್. ಮಳೆ ಬಂದ ದಿನ ಆ ನಡುವಿನ ದಾರಿ ಎಷ್ಟು ಹೊತ್ತಿನದು ಎಂದು ಯಾರೂ ಹೇಳಲಾರರು. ಸ್ಟಿಯರಿಂಗ್ ಹಿಡಿದವರಿಗೆ ಕೈ ನಡುಗಿ ಕಣ್ಣು ಮಂಜಾದರೆ ಅಪಾಯ ಅವರೊಬ್ಬರದ್ದಲ್ಲ. ಡಿಸ್ಚಾರ್ಜ್ ಆಗುವವರಿಗೆ ನಾನು ಮೊದಲು ಕೇಳುವ ಪ್ರಶ್ನೆಯೇ, "ಬೆಳಿಗ್ಗೆ ಎಷ್ಟು ಗಂಟೆಗೆ ಮನೆ ಬಿಡ್ತೀರಿ, ತಿಂಡಿ ಎಲ್ಲಿ ತಿಂತೀರಿ?" ಎಂಬುದು. ಸೂಜಿ ಹೇಗೆ ಹಾಕಿಕೊಳ್ಳಬೇಕೆಂಬುದನ್ನು ಅದರ ನಂತರ ಹೇಳಿಕೊಡುತ್ತೇನೆ.

ಸೂಜಿಯೊಳಗೆ ಎಷ್ಟಿದೆ ಎಂಬ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ನಮ್ಮ ದೇಶದಲ್ಲಿ ಇಲ್ಲೊಂದು ವಿಶೇಷ ತೊಡಕಿದೆ. ಇಲ್ಲಿ ಸಿಗುವ ಇನ್ಸುಲಿನ್ ಸೀಸೆಗಳಲ್ಲಿ ಹೆಚ್ಚಿನವು ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವಂಥವು. ಇನ್ಸುಲಿನ್ ಪೆನ್ನಿನ (ಡೋಸನ್ನು ತಿರುಗಿಸಿ ಚುಚ್ಚಿಕೊಳ್ಳುವ ಸಾಧನ) ಕಾರ್ಟ್ರಿಡ್ಜುಗಳು ಮತ್ತು ಕೆಲವು ಸೀಸೆಗಳು 100 ಯೂನಿಟ್ಟಿನವು. 40ರ ಸೀಸೆಗೆ ಕೆಂಪು ಮುಚ್ಚಳದ ಸಿರಿಂಜು, 100ರದ್ದಕ್ಕೆ ಕಿತ್ತಳೆ ಬಣ್ಣದ ಮುಚ್ಚಳದ ಸಿರಿಂಜು. ಎರಡೂ ನೋಡಲು ಒಂದೇ ತರಹ ಇರುತ್ತವೆ. ಚಾಮರಾಜಪೇಟೆಯ ಒಬ್ಬ ಅಜ್ಜಿಯ ಶುಗರ್ ಒಂದು ತಿಂಗಳಿನಿಂದ 300ರ ಮೇಲೇ ನಿಂತಿದೆ, ಡೋಸು ಏರಿಸಿದರೂ ಇಳಿಯುತ್ತಿಲ್ಲ ಎಂದು ಸೇರಿಸಿಕೊಂಡಿದ್ದರು. ವಾರ್ಡಿನಲ್ಲಿ ಅದೇ ಡೋಸು ಕೊಟ್ಟ ಎರಡನೆಯ ದಿನಕ್ಕೇ ಅವರಿಗೆ ಶುಗರ್ ತೀರ ಇಳಿದು ಲೋ ಆಯಿತು. ಮನೆಯಿಂದ ಸಿರಿಂಜು ತರಿಸಿ ನೋಡಿದರೆ ಕಿತ್ತಳೆ ಮುಚ್ಚಳ, ಸೀಸೆಯ ಮೇಲೆ 40. ಮೆಡಿಕಲ್ ಶಾಪಿನಲ್ಲಿ ಎಂದಿನದು ಸಿಗಲಿಲ್ಲವೆಂದು ಮೊಮ್ಮಗ ಅದನ್ನು ತಂದಿದ್ದ. 100ರ ಸಿರಿಂಜಿನಲ್ಲಿ 30ರ ಗೆರೆಯವರೆಗೆ 40ರ ಇನ್ಸುಲಿನ್ ಎಳೆದರೆ ಒಳಗೆ ಬರುವುದು 12 ಯೂನಿಟ್ ಮಾತ್ರ. ಅಜ್ಜಿಗೆ ತಿಂಗಳೆಲ್ಲ ಹೋದದ್ದು ಬರೆದದ್ದರ ಅರ್ಧಕ್ಕಿಂತ ಕಡಿಮೆ. ತಿರುಗುಮುರುಗಾದರೆ ಇನ್ನೂ ಭಯಂಕರ: 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಎಳೆದರೆ ಬರೆದದ್ದರ ಎರಡೂವರೆ ಪಟ್ಟು ದೇಹಕ್ಕೆ ಹೋಗುತ್ತದೆ. ಆದ್ದರಿಂದ ಶುಗರ್ ಹತೋಟಿಗೆ ಬರುತ್ತಿಲ್ಲ ಎಂದು ಬಂದವರಿಗೆ, ಡೋಸು ಏರಿಸುವ ಮಾತಿಗೆ ಮುಂಚೆ, "ನಿಮ್ಮ ಸೀಸೆ, ಸಿರಿಂಜು ಎರಡೂ ತಂದು ತೋರಿಸಿ" ಎನ್ನುವುದು ನಮ್ಮ ಕೆಲಸ.

ವಾರ್ಡಿನೊಳಗೆ ಇದೇ ಬಗೆಯ ಅಪಾಯ ಒಂದು ಅಕ್ಷರದಿಂದ ಬರುತ್ತದೆ. ಯೂನಿಟ್ ಎಂದು ಪೂರ್ತಿ ಬರೆಯದೆ ಇಂಗ್ಲಿಷಿನ ಯು ಅಕ್ಷರವೊಂದನ್ನೇ ಅಂಕಿಗೆ ಅಂಟಿಸಿ ಬರೆದರೆ, ಅವಸರದ ಕೈಬರಹದಲ್ಲಿ ಅದು ಸೊನ್ನೆಯಂತೆ ಕಾಣುತ್ತದೆ. 6 ಎಂಬುದು 60 ಆಗಿಬಿಡುತ್ತದೆ. ಒಂದು ಬೆಳಗಿನ ಜಾವ ಹೊಸ ಸಿಸ್ಟರ್ ಒಬ್ಬಳು ಸಿರಿಂಜು ತುಂಬ ಎಳೆದುಕೊಂಡು, ಒಂದರಲ್ಲಿ ಸಾಲದೆ ಎರಡನೆಯದಕ್ಕೆ ಕೈಹಾಕಿ, "ಅಕ್ಕ, ಒಂದ್ಸಲ ನೋಡ್ತೀರಾ?" ಎಂದು ಕರೆದಳು. ಅವಳು ಕರೆದದ್ದರಿಂದ ಒಂದು ಜೀವ ಉಳಿಯಿತು. ಇನ್ಸುಲಿನ್ ಎಳೆದ ಮೇಲೆ ಇನ್ನೊಬ್ಬರಿಗೆ ತೋರಿಸಿ, ಇಬ್ಬರೂ ಆದೇಶವನ್ನು ಓದಿ, ಇಬ್ಬರೂ ಸಹಿ ಹಾಕುವ ಪದ್ಧತಿಯನ್ನು ಸಮಯವಿಲ್ಲವೆಂದು ಬಿಡುವವರನ್ನು ನಾನು ಒಪ್ಪುವುದಿಲ್ಲ. ಆದೇಶ ಅಸ್ಪಷ್ಟವಾಗಿದ್ದರೆ ರಾತ್ರಿ ಎರಡು ಗಂಟೆಯಾದರೂ ಡಾಕ್ಟರರನ್ನು ಎಬ್ಬಿಸಿ ಕೇಳಬೇಕು. ಬೈಸಿಕೊಂಡರೂ ಪರವಾಗಿಲ್ಲ.

ಪೆನ್ನುಗಳು ಬಂದ ಮೇಲೆ ಅಳತೆಯ ತೊಂದರೆ ಬಹಳ ಕಡಿಮೆಯಾಗಿದೆ, ಆದರೆ ಅದಕ್ಕೂ ಅದರದೇ ಶಿಸ್ತು ಬೇಕು. ಹೊಸ ಸೂಜಿ ಸಿಕ್ಕಿಸಿ, ಎರಡು ಯೂನಿಟ್ ತಿರುಗಿಸಿ, ಮೇಲ್ಮುಖವಾಗಿ ಒತ್ತಿ ತುದಿಯಲ್ಲಿ ಹನಿ ಕಂಡ ಮೇಲೆಯೇ ಡೋಸು ತಿರುಗಿಸಬೇಕು. ಚುಚ್ಚಿ ಒತ್ತಿದ ಮೇಲೆ ಹತ್ತು ಎಣಿಸುವವರೆಗೆ ಸೂಜಿ ತೆಗೆಯಬಾರದು. ಬೇಗ ತೆಗೆದರೆ ಹನಿ ಹೊರಗೇ ಉಳಿಯುತ್ತದೆ, ಶುಗರ್ ಯಾಕೆ ಇಳಿಯಲಿಲ್ಲ ಎಂದು ಆಮೇಲೆ ತಲೆ ಕೆಡಿಸಿಕೊಳ್ಳುತ್ತೇವೆ. ಮಸುಕು ಇನ್ಸುಲಿನ್ನಾದರೆ ಅಂಗೈಗಳ ನಡುವೆ ಹತ್ತು ಸಲ ಹೊರಳಿಸಿ, ಹತ್ತು ಸಲ ಮೇಲೆ ಕೆಳಗೆ ಮಾಡಿ, ಒಂದೇ ಸಮನಾಗಿ ಹಾಲಿನ ಬಣ್ಣಕ್ಕೆ ತರಬೇಕು, ಕುಲುಕಬಾರದು. ವಾರ್ಡಿನಲ್ಲಿ ಒಬ್ಬರ ಪೆನ್ನನ್ನು, ಸೂಜಿ ಬದಲಾಯಿಸಿದರೂ ಸರಿ, ಇನ್ನೊಬ್ಬರಿಗೆ ಬಳಸುವಂತಿಲ್ಲ, ಏಕೆಂದರೆ ಕಣ್ಣಿಗೆ ಕಾಣದಷ್ಟು ರಕ್ತ ಕಾರ್ಟ್ರಿಡ್ಜಿನೊಳಕ್ಕೆ ಹಿಂದಕ್ಕೆ ಸೇದಿಕೊಂಡಿರಬಹುದು. ಪ್ರತಿ ಪೆನ್ನಿನ ಮೇಲೂ ರೋಗಿಯ ಹೆಸರಿನ ಚೀಟಿ ಇರಲೇಬೇಕು. ಚೀಟಿಯನ್ನು ಮುಚ್ಚಳದ ಮೇಲಲ್ಲ, ಪೆನ್ನಿನ ಮೈಮೇಲೆ ಅಂಟಿಸಬೇಕು, ಮುಚ್ಚಳಗಳು ಅದಲುಬದಲಾಗುತ್ತವೆ.

ಸೂಜಿ ಚುಚ್ಚುವ ಜಾಗದ ವಿಚಾರವನ್ನು ಓದಿ ಕಲಿತದ್ದಕ್ಕಿಂತ ಹೆಚ್ಚಾಗಿ ನನಗೆ ಕಲಿಸಿದವರು ಶ್ರೀರಾಮಪುರದ ಒಬ್ಬ ತಾಯಿ. ಮನೆಮನೆಗೆ ಹೋಗಿ ಆರೈಕೆ ಮಾಡುತ್ತಿದ್ದ ದಿನಗಳಲ್ಲಿ ಅವರ ಡ್ರೆಸ್ಸಿಂಗಿಗೆ ಹೋಗುತ್ತಿದ್ದೆ. ಹನ್ನೊಂದು ವರ್ಷಗಳಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರು, ಶುಗರ್ ಒಂದು ದಿನ 90, ಇನ್ನೊಂದು ದಿನ 320. ಸೀರೆಯ ನೆರಿಗೆ ಸರಿಸಿ ತೋರಿಸಿ ಎಂದಾಗ ಹೊಕ್ಕುಳಿನ ಬಲಕ್ಕೆ ನಿಂಬೆಹಣ್ಣಿನ ಗಾತ್ರದ ಗಂಟು ಎದ್ದಿತ್ತು. ಮುಟ್ಟಿದರೆ ರಬ್ಬರಿನಂತೆ ಮೆತ್ತಗೆ ಗಟ್ಟಿ.

"ಇಲ್ಲೇ ಹಾಕೋತೀರಾ ದಿನಾ?"

"ಹೂಂ ಕಣಮ್ಮ. ಅಲ್ಲಿ ಚುಚ್ಚಿದ್ರೆ ನೋವೇ ಗೊತ್ತಾಗಲ್ಲ. ಬೇರೆ ಕಡೆ ಉರೀತದೆ."

ನೋವಾಗದಿರುವುದಕ್ಕೆ ಕಾರಣ ಆ ಗಂಟೇ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಇನ್ಸುಲಿನ್ ಬಿದ್ದಾಗ ಅಲ್ಲಿನ ಕೊಬ್ಬು ಬೆಳೆದು ದಪ್ಪವಾಗುತ್ತದೆ, ಮುಟ್ಟಿದ್ದು ತಿಳಿಯುವುದು ಕಡಿಮೆಯಾಗುತ್ತದೆ. ಅದರೊಳಗೆ ಹೋದ ಇನ್ಸುಲಿನ್ ಕೆಲವು ದಿನ ಅಲ್ಲೇ ಉಳಿದು, ಕೆಲವು ದಿನ ಒಮ್ಮೆಗೇ ರಕ್ತಕ್ಕೆ ಇಳಿಯುತ್ತದೆ. ಹಾಗಾಗಿ ಡೋಸು ಏರುತ್ತ ಹೋಗುತ್ತದೆ, ಹತೋಟಿ ಬರುವುದಿಲ್ಲ. ಈ ತಾಯಿ ಆಗ ಬೆಳಿಗ್ಗೆ 36 ಯೂನಿಟ್ಟಿಗೆ ತಲುಪಿದ್ದರು. ಇಲ್ಲಿ ಶುಶ್ರೂಷಕಿ ಎಡವುವ ಸಂಭವ ಒಂದಿದೆ: ಗಂಟು ಕಂಡ ಕೂಡಲೇ "ನಾಳೆಯಿಂದ ಬೇರೆ ಜಾಗಕ್ಕೆ ಹಾಕಿಕೊಳ್ಳಿ" ಎಂದಷ್ಟೇ ಹೇಳಿ ಬಂದರೆ, ಒಳ್ಳೆಯ ಚರ್ಮದಲ್ಲಿ ಆ 36 ಯೂನಿಟ್ ಪೂರ್ತಿ ಹೀರಿಕೊಂಡು ರೋಗಿ ಅಂದೇ ಕುಸಿದು ಬೀಳಬಹುದು. ನಾನು ಅಲ್ಲಿಂದಲೇ ಅವರ ಡಾಕ್ಟರರಿಗೆ ಫೋನು ಮಾಡಿದೆ. ಅವರು ಮೊದಲು ಡೋಸು ಇಳಿಸಿ, ಒಂದು ವಾರ ದಿನಕ್ಕೆ ನಾಲ್ಕು ಸಲ ಶುಗರ್ ನೋಡಿಸಿ, ಆಮೇಲೆ ಹೊಂದಿಸಿದರು. ಆ ತಾಯಿಗೆ ಓದು ಬರುತ್ತಿರಲಿಲ್ಲವಾದ್ದರಿಂದ ಹೊಟ್ಟೆಯನ್ನು ನಾಲ್ಕು ಕೋಣೆಗಳ ಮನೆಯೆಂದು ತೋರಿಸಿದೆ: ಒಂದು ವಾರಕ್ಕೆ ಒಂದು ಕೋಣೆ, ದಿನವೂ ಹಿಂದಿನ ಜಾಗದಿಂದ ಒಂದು ಬೆರಳಗಲ ದೂರ, ಹೊಕ್ಕುಳಿಗೆ ಎರಡು ಬೆರಳು ಬಿಟ್ಟು. ಕ್ಯಾಲೆಂಡರಿನಲ್ಲಿ ವಾರದ ಆರಂಭಕ್ಕೆ ಅರಿಶಿನದ ಬೊಟ್ಟು ಇಡುವುದನ್ನು ಅವರೇ ಕಂಡುಕೊಂಡರು. ಅಂದಿನಿಂದ ಇನ್ಸುಲಿನ್ ತೆಗೆದುಕೊಳ್ಳುವ ಯಾರನ್ನೇ ನೋಡಲಿ, ಚುಚ್ಚುವ ಜಾಗವನ್ನು ಕಣ್ಣಿನಿಂದ ನೋಡುವುದಷ್ಟೇ ಅಲ್ಲ, ಬೆರಳಿನಿಂದ ಒತ್ತಿ ನೋಡುತ್ತೇನೆ. ಕೆಲವು ಗಂಟುಗಳು ಕಾಣುವುದಿಲ್ಲ, ಕೈಗೇ ಸಿಗಬೇಕು.

ಒಂದೇ ಸೂಜಿಯನ್ನು ಎಷ್ಟೋ ದಿನ ಬಳಸುವವರಲ್ಲಿ ಈ ಗಂಟುಗಳು ಹೆಚ್ಚು. ಪ್ರತಿ ಸಲವೂ ಹೊಸದನ್ನೇ ಬಳಸಬೇಕು ಎಂಬುದು ನಿಯಮ. ಆದರೆ ದಿನಗೂಲಿಯವರ ಮನೆಯಲ್ಲಿ ನಿಂತು ಆ ನಿಯಮವನ್ನು ಗದರಿ ಹೇಳುವುದು ನನ್ನಿಂದ ಆಗುವುದಿಲ್ಲ. ಮೊಂಡಾದ ಸೂಜಿ ಚರ್ಮವನ್ನು ಹೇಗೆ ಹರಿಯುತ್ತದೆ ಎಂದು ವಿವರಿಸಿ, ಕಡಿಮೆ ಬೆಲೆಗೆ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿ ಹೇಳಿ, ಇನ್ನೊಬ್ಬರೊಂದಿಗೆ ಯಾವ ಕಾರಣಕ್ಕೂ ಹಂಚಿಕೊಳ್ಳಬೇಡಿ ಎಂಬುದನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ಬಳಸಿದ ಸೂಜಿಗಳನ್ನು ಕಸದ ಚೀಲಕ್ಕೆ ಹಾಕಿದರೆ ಬೆಳಿಗ್ಗೆ ಕಸ ವಿಂಗಡಿಸುವ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು, ಮುಚ್ಚಳ ಬಿಗಿದು, ಆಸ್ಪತ್ರೆಗೆ ಬರುವಾಗ ತಂದುಕೊಡಿ ಎಂದು ಕೇಳಿಕೊಂಡರೆ ಬಹುಪಾಲು ಜನ ತರುತ್ತಾರೆ.

ಇನ್ಸುಲಿನ್ ಇಡುವ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ತೆರೆಯದ ಸೀಸೆಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ಅಂದರೆ ಫ್ರಿಜ್ಜಿನಲ್ಲಿ, ಆದರೆ ಫ್ರೀಜರಿಗೆ ತಾಗದಂತೆ ಇರಬೇಕು. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿಸಿ ಬಳಸುವಂತಿಲ್ಲ. ತೆರೆದದ್ದು ಸಾಮಾನ್ಯವಾಗಿ 28 ದಿನ ಬರುತ್ತದೆ. ತೆರೆದ ತಾರೀಕನ್ನು ಅಂದೇ ಬರೆದಿಡಬೇಕು. ಬೆಂಗಳೂರಿನ ಹವೆಯಲ್ಲಿ ವರ್ಷದ ಬಹುಭಾಗ ತೆರೆದ ಸೀಸೆ ಬಿಸಿಲು ಬೀಳದ ಕಪಾಟಿನಲ್ಲಿದ್ದರೂ ಕೆಡುವುದಿಲ್ಲ, ಮಾರ್ಚಿನಿಂದ ಮೇವರೆಗೆ ಮಾತ್ರ ಎಚ್ಚರ ಬೇಕು. ಫ್ರಿಜ್ಜಿಲ್ಲದ ಮನೆಯಲ್ಲಿ ನೀರು ತುಂಬಿದ ದೊಡ್ಡ ಮಣ್ಣಿನ ಮಡಕೆಯೊಳಗೆ ಸಣ್ಣ ಕುಡಿಕೆ ಇಟ್ಟು, ಅದರಲ್ಲಿ ಸೀಸೆಯನ್ನು ನೀರು ತಾಗದಂತೆ ಇಡಬಹುದು. ಸ್ಕೂಟರಿನ ಸೀಟಿನ ಕೆಳಗಿನ ಡಿಕ್ಕಿಯಲ್ಲಿ ಇನ್ಸುಲಿನ್ ಬಿಟ್ಟು ಆಫೀಸಿಗೆ ಹೋಗುವವರಿಗೆ ಮಾತ್ರ ನಾನು ಪ್ರತ್ಯೇಕವಾಗಿ ಹೇಳುತ್ತೇನೆ. ಮಧ್ಯಾಹ್ನದ ಬಿಸಿಲಿನಲ್ಲಿ ಅದು ಒಲೆಯ ಹಾಗೆ ಕಾಯುತ್ತದೆ.

ಲೋ ಆಗುವುದನ್ನು ಗುರುತಿಸುವ ವಿದ್ಯೆಯನ್ನು ನನಗೆ ಕಲಿಸಿದವರು ಕೇರಳದಿಂದ ಬಂದು ಮೂವತ್ತು ವರ್ಷ ಇಲ್ಲಿಯೇ ದುಡಿದು, ನಮಗಿಂತ ಚೆನ್ನಾಗಿ ಕನ್ನಡ ಮಾತಾಡುತ್ತಿದ್ದ ನಮ್ಮ ಹಿರಿಯ ಸಿಸ್ಟರ್. ರಾತ್ರಿ ಪಾಳಿಯಲ್ಲಿ ಎರಡೂವರೆ ಮೂರರ ಹೊತ್ತಿಗೆ ಅವರು ಟಾರ್ಚು ಹಿಡಿದು ಮಂಚದಿಂದ ಮಂಚಕ್ಕೆ ಹೋಗಿ, ಇನ್ಸುಲಿನ್ ಪಡೆದ ಪ್ರತಿಯೊಬ್ಬರ ಕುತ್ತಿಗೆಯ ಹಿಂಭಾಗಕ್ಕೆ ಅಂಗೈ ಇಡುತ್ತಿದ್ದರು. "ಹಣೆ ಮುಟ್ಟಬೇಡ, ಫ್ಯಾನಿನ ಗಾಳಿಗೆ ಒಣಗಿರುತ್ತೆ. ಇಲ್ಲಿ ನೋಡು" ಎನ್ನುತ್ತಿದ್ದರು. ಕುತ್ತಿಗೆ ತಣ್ಣಗೆ ಒದ್ದೆಯಾಗಿದ್ದರೆ ಎಬ್ಬಿಸಿ ಬೆರಳು ಚುಚ್ಚಬೇಕು. ರಾತ್ರಿ ಕೊಟ್ಟ ಮಿಶ್ರ ಇನ್ಸುಲಿನ್ನಿನ ಅಥವಾ ಎನ್‌ಪಿಎಚ್‌ನ ಬಲ ಏರುವುದು ಅದೇ ಹೊತ್ತಿಗೆ, ಮತ್ತು ನಿದ್ದೆಯಲ್ಲಿರುವವರು ತಮ್ಮ ಸಂಕಟವನ್ನು ಹೇಳಲಾರರು. ಮನೆಯಲ್ಲಿರುವವರಿಗೆ ಬೆಳಿಗ್ಗೆ ತಲೆನೋವು, ಒದ್ದೆಯಾದ ದಿಂಬು, ಕೆಟ್ಟ ಕನಸುಗಳು ಇದರ ಸುಳಿವು. ಎಚ್ಚರವಿರುವವರಲ್ಲಿ ಬೆವರು, ಕೈನಡುಕ, ಎದೆ ಡವಗುಟ್ಟುವುದು, ತಡೆಯಲಾರದ ಹಸಿವು, ಸುಮ್ಮಸುಮ್ಮನೆ ಸಿಟ್ಟು. ಬಿ.ಪಿ.ಗೋ ಹೃದಯಕ್ಕೋ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಡುಕವೂ ಎದೆಬಡಿತವೂ ಮರೆಯಾಗಬಹುದು, ಬೆವರು ಮಾತ್ರ ಉಳಿಯುತ್ತದೆ. ಅಂಥವರಲ್ಲಿ ಸಿಸ್ಟರ್ ಕಲಿಸಿದ ಆ ಅಂಗೈಯ ಪರೀಕ್ಷೆಗೆ ಬೆಲೆ ಇನ್ನೂ ಹೆಚ್ಚು. ವಯಸ್ಸಾದವರಲ್ಲಿ ಇದಾವುದೂ ಇಲ್ಲದೆ ಬರೀ ಗೊಂದಲವಾಗಿ ಕಾಣಿಸಿಕೊಳ್ಳಬಹುದು, "ಅಪ್ಪಂಗೆ ಅರಳುಮರಳು ಶುರುವಾಯ್ತು" ಎಂದು ಮನೆಯವರು ಸುಮ್ಮನಾಗಿಬಿಡುತ್ತಾರೆ.

ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ, ಎಚ್ಚರವಿದ್ದು ನುಂಗಬಲ್ಲವರಿಗೆ 15 ಗ್ರಾಂ ಸಕ್ಕರೆ, ಅಂದರೆ ಟೀ ಚಮಚದಲ್ಲಿ ಸುಮಾರು ಮೂರು ಚಮಚ, ನೀರಿನಲ್ಲಿ ಕರಗಿಸಿ ಕುಡಿಸಬೇಕು. ಗ್ಲೂಕೋಸ್ ಪುಡಿ ಇದ್ದರೆ ಇನ್ನೂ ಒಳ್ಳೆಯದು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು, ಏರದಿದ್ದರೆ ಮತ್ತೊಮ್ಮೆ ಅಷ್ಟೇ ಕೊಡಬೇಕು. ಏರಿದ ಮೇಲೆ ಊಟದ ಹೊತ್ತು ದೂರವಿದ್ದರೆ ಎರಡು ಇಡ್ಲಿಯೋ ನಾಲ್ಕು ಬಿಸ್ಕತ್ತೋ ತಿನ್ನಿಸದೆ ಬಿಡಬಾರದು, ಏಕೆಂದರೆ ಸಕ್ಕರೆ ನೀರು ಕರಗಿಹೋಗುತ್ತದೆ, ಇನ್ಸುಲಿನ್ ಒಳಗೆ ಇನ್ನೂ ಇರುತ್ತದೆ. ಚಾಕೊಲೇಟು, ಹೋಳಿಗೆ, ಕೊಬ್ಬರಿ ಮಿಠಾಯಿ ಈ ಹೊತ್ತಿಗೆ ಸಲ್ಲವು. ಅವುಗಳಲ್ಲಿನ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು. ಗಾಬರಿಯಲ್ಲಿ ಸಕ್ಕರೆ ನೀರು ಸುರಿದು, ಅದು ಶ್ವಾಸನಾಳಕ್ಕೆ ಇಳಿದು, ಶುಗರ್ ಸರಿಹೋದರೂ ನ್ಯುಮೋನಿಯಾದಿಂದ ಒದ್ದಾಡಿದವರನ್ನು ನಾನು ನೋಡಿಕೊಂಡಿದ್ದೇನೆ. ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಬೇಕು.

ತಟ್ಟೆ ಎಂದು ನಾನು ಹೇಳುತ್ತ ಬಂದಿರುವುದು ಇಡ್ಲಿಯ ತಟ್ಟೆಯೊಂದನ್ನೇ ಅಲ್ಲ. ಇನ್ಸುಲಿನ್ನಿಗೆ ಎದುರಾಗಿ ನಿಲ್ಲುವ ಎಲ್ಲವೂ ಅದರಲ್ಲಿ ಸೇರುತ್ತದೆ, ಅದರಲ್ಲಿ ಯಾವುದು ಬದಲಾದರೂ ಸೂಜಿಯ ಲೆಕ್ಕ ಬದಲಾಗಬೇಕು. ಮೂಗಿನ ನಳಿಕೆಯಲ್ಲಿ ಆಹಾರ ಹೋಗುತ್ತಿರುವವರ ನಳಿಕೆ ಕಿತ್ತುಬಂದರೆ ಅಥವಾ ಫೀಡ್ ನಿಲ್ಲಿಸಿದರೆ, ಬೆಳಿಗ್ಗೆ ಕೊಟ್ಟ ಇನ್ಸುಲಿನ್ ನಿಲ್ಲುವುದಿಲ್ಲ. ಕೂಡಲೇ ಡಾಕ್ಟರರಿಗೆ ತಿಳಿಸಿ ಡೆಕ್ಸ್‌ಟ್ರೋಸ್ ಹಚ್ಚುವ ಬಗ್ಗೆ ಕೇಳಬೇಕು. ಬೆಳಿಗ್ಗೆ ಸ್ಟೀರಾಯ್ಡ್ ಪಡೆದವರ ಶುಗರ್ ಮಧ್ಯಾಹ್ನ, ಸಂಜೆ ಏರುತ್ತದೆ, ಆಗ ಇನ್ಸುಲಿನ್ ಹೆಚ್ಚಿಸುತ್ತಾರೆ. ವಾರದ ನಂತರ ಸ್ಟೀರಾಯ್ಡ್ ಇಳಿಸಿದಾಗ ಇನ್ಸುಲಿನ್ ಇಳಿಸುವುದನ್ನು ನೆನಪಿಸಬೇಕಾದವರು ದಿನವೂ ಪಕ್ಕದಲ್ಲಿರುವ ನಾವು. ಮೂತ್ರಪಿಂಡ ಸೋತವರಲ್ಲಿ ಇನ್ಸುಲಿನ್ ಬೇಗ ಹೊರಹೋಗದೆ ಹೆಚ್ಚು ಹೊತ್ತು ಉಳಿಯುತ್ತದೆ, ಹಾಗಾಗಿ "ಈಚೆಗೆ ಶುಗರ್ ತಾನೇ ಕಡಿಮೆಯಾಗ್ತಾ ಇದೆ ಸಿಸ್ಟರ್" ಎಂದು ಹಳೆಯ ರೋಗಿಯೊಬ್ಬರು ಸಂತೋಷದಿಂದ ಹೇಳಿದರೆ ನನಗೆ ಭಯವಾಗುತ್ತದೆ, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಎಷ್ಟಿದೆ ಎಂದು ಹುಡುಕುತ್ತೇನೆ. ಐಸಿಯುವಿನಲ್ಲಿ ರಕ್ತನಾಳದ ಮೂಲಕ ಇನ್ಸುಲಿನ್ ಹರಿಸುವಾಗ ಅದು ಸಕ್ಕರೆಯ ಜೊತೆಗೆ ಪೊಟ್ಯಾಸಿಯಮ್ಮನ್ನೂ ಜೀವಕೋಶಗಳೊಳಗೆ ಎಳೆದುಕೊಳ್ಳುವುದರಿಂದ, ಪೊಟ್ಯಾಸಿಯಮ್ಮಿನ ಅಂಕಿ ನೋಡದೆ ಅದನ್ನು ಆರಂಭಿಸಬಾರದು; 3.5ಕ್ಕಿಂತ ಕೆಳಗಿದ್ದರೆ ಮೊದಲು ಅದನ್ನು ತುಂಬಬೇಕು, ಇಲ್ಲವಾದರೆ ಹೃದಯದ ಬಡಿತವೇ ದಾರಿತಪ್ಪುತ್ತದೆ.

ಉಪವಾಸಗಳ ಮಾತು ಬೇರೆಯೇ ಹೇಳಬೇಕು. ಏಕಾದಶಿ, ಶಿವರಾತ್ರಿ, ಶನಿವಾರದ ಒಪ್ಪತ್ತು, ರಂಜಾನಿನ ರೋಜಾ, ಇವುಗಳನ್ನು ಬಿಡಿ ಎಂದು ಹೇಳುವ ಅಧಿಕಾರ ನನಗಿಲ್ಲ, ಹೇಳಿದರೆ ಜನ ನಮಗೆ ತಿಳಿಸದೆ ಮಾಡುತ್ತಾರೆ. ಹಬ್ಬಕ್ಕೆ ಹದಿನೈದು ದಿನ ಮೊದಲೇ ಬಂದು ಡಾಕ್ಟರರೊಂದಿಗೆ ಕೂತು ಡೋಸು, ಹೊತ್ತು ಎರಡನ್ನೂ ಗೊತ್ತುಮಾಡಿಕೊಳ್ಳಿ, ಶುಗರ್ 70ಕ್ಕೆ ಇಳಿದರೆ ಅಲ್ಲಿಗೆ ಉಪವಾಸ ಮುರಿಯುತ್ತೇನೆಂದು ನನಗೆ ಮಾತು ಕೊಡಿ ಎನ್ನುತ್ತೇನೆ. ಟೈಪ್ 1 ಇರುವ ಮಕ್ಕಳ ತಾಯಂದಿರಿಗೆ ಹೇಳುವುದು ಇದರ ಇನ್ನೊಂದು ಮಗ್ಗುಲು: ಜ್ವರ ಬಂದು, ವಾಂತಿಯಾಗಿ, ಮಗು ಏನೂ ತಿನ್ನದಿದ್ದರೂ ಇನ್ಸುಲಿನ್ನನ್ನು ಪೂರ್ತಿ ನಿಲ್ಲಿಸುವಂತಿಲ್ಲ. ಊಟದ ಸೂಜಿ ಕಡಿಮೆಯಾಗಬಹುದು, ದಿನವಿಡೀ ಹರಡಿಕೊಳ್ಳುವ ಸೂಜಿ ಬೇಕೇ ಬೇಕು; ಮಗುವಿನ ದೇಹದಲ್ಲಿ ಬೇರೆ ಇನ್ಸುಲಿನ್ ಇಲ್ಲ. ಅದನ್ನು ಬಿಟ್ಟರೆ ಒಂದೆರಡು ದಿನಗಳಲ್ಲೇ ರಕ್ತ ಆಮ್ಲವಾಗುವ ಕೀಟೋಅಸಿಡೋಸಿಸ್‌ಗೆ ಹೋಗಿಬಿಡುತ್ತದೆ.

ಇಷ್ಟೆಲ್ಲ ಓದಿ ಇನ್ಸುಲಿನ್ ಎಂದರೆ ಹೆದರಿಕೆಯಾದರೆ ನಾನು ಬರೆದದ್ದು ತಪ್ಪಾದಂತೆ. "ಇನ್ಸುಲಿನ್ ಶುರುವಾದ್ರೆ ಮುಗೀತು ಬಿಡಿ" ಎಂಬ ಮಾತನ್ನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಆಗ ನಾನು ಟೊರಾಂಟೊ ನಗರದ ಹುಡುಗನ ಕಥೆ ಹೇಳುತ್ತೇನೆ. 1922ಕ್ಕೆ ಮುಂಚೆ ಈ ಕಾಯಿಲೆಯ ಮಕ್ಕಳಿಗೆ ಅರೆಹೊಟ್ಟೆಯಲ್ಲಿಟ್ಟು ಕೆಲವು ತಿಂಗಳು ಆಯುಸ್ಸು ಎಳೆಯುವುದರ ಹೊರತು ಬೇರೆ ದಾರಿ ಇರಲಿಲ್ಲ. ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬ ಸಂಶೋಧಕರು ಹಿಂದಿನ ವರ್ಷ ಕಂಡುಕೊಂಡ ಇನ್ಸುಲಿನ್ ಸಾರವನ್ನು ಆ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಮ್ಸನ್‌ಗೆ ಮೊದಲ ಸಲ ಕೊಟ್ಟಾಗ ಹೆಚ್ಚೇನೂ ಫಲವಾಗಲಿಲ್ಲ. ಅವರ ಜೊತೆಗಾರ ಕಾಲಿಪ್ ಅದನ್ನು ಶುದ್ಧಮಾಡಿದ ಮೇಲೆ, ಹನ್ನೆರಡು ದಿನ ಬಿಟ್ಟು ಮತ್ತೆ ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಸಾಯಲಿದ್ದ ಆ ಹುಡುಗ ಇನ್ನೂ ಹದಿಮೂರು ವರ್ಷ ಬದುಕಿದ. ಶ್ರೀರಾಮಪುರದ ತಾಯಿ ಈ ಕಥೆ ಕೇಳಿ, "ಅವರಮ್ಮ ಎಷ್ಟು ದೇವರಿಗೆ ಕೈ ಮುಗಿದಿದ್ಲೋ" ಎಂದಿದ್ದರು. ಅವರ ಗಂಟು ಪೂರ್ತಿ ಕರಗಲು ವರ್ಷ ಹಿಡಿಯಿತು. ಡೋಸು 36ರಿಂದ 26ಕ್ಕೆ ಇಳಿದು ಅಲ್ಲಿಯೇ ನಿಂತಿದೆ.

ಈಗ ನಾನಿರುವ ವಾರ್ಡಿನ ಶುಗರ್ ಪಟ್ಟಿಯಲ್ಲಿ ಅಚ್ಚಾದ ಅಂಕಣಗಳು ನಾಲ್ಕು: ಸಮಯ, ಶುಗರ್, ಇನ್ಸುಲಿನ್, ಸಹಿ. ನಾವು ಸ್ಕೇಲು ಇಟ್ಟು ಪೆನ್ನಿನಲ್ಲಿ ಎರಡು ಅಂಕಣ ಹೆಚ್ಚಿಗೆ ಎಳೆದುಕೊಂಡಿದ್ದೇವೆ. ಒಂದು ಚುಚ್ಚಿದ ಜಾಗಕ್ಕೆ, ಇನ್ನೊಂದು ರೋಗಿ ಎಷ್ಟು ಹೊತ್ತಿಗೆ ಏನು ತಿಂದರು ಎಂಬುದಕ್ಕೆ. ಅದನ್ನು ತುಂಬಬೇಕಾದರೆ ಸೂಜಿ ಕೊಟ್ಟವರು ಮತ್ತೊಮ್ಮೆ ಆ ಮಂಚದ ಬಳಿಗೆ ಹೋಗಲೇಬೇಕು. ಕೊನೆಯ ವರ್ಷದ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ನಿನ್ನೆ 11ನೇ ಮಂಚದ ಅಜ್ಜನ ಸಾಲಿನಲ್ಲಿ ಬರೆದದ್ದು ಹೀಗಿತ್ತು: "8.10. ಇಡ್ಲಿ ಮೂರರಲ್ಲಿ ಒಂದೇ ತಿಂದರು, ಹೊಟ್ಟೆ ತೊಳಸುತ್ತಿದೆ ಎಂದರು. ಡಾಕ್ಟರರಿಗೆ ತಿಳಿಸಲಾಗಿದೆ. 9.00ಕ್ಕೆ ಶುಗರ್ ಮತ್ತೆ ನೋಡಬೇಕು."